ಚಿಲಿಯ ಗಡಿಯಲ್ಲಿ ದೊಡ್ಡಮ್ಮನ ತೆನೆ

ನನ್ನ ದೊಡ್ಡಮ್ಮ ಮೇರಿಲ್ಯಾಂಡಿನ ಕ್ಲಾರ್ಕ್ಸ್‌ಬರ್ಗ್‌ನಲ್ಲಿ ಭತ್ತ ಬೆಳೆಯುತ್ತಾರೆ. ಗದ್ದೆಯಲ್ಲಲ್ಲ, ಬೇಸಿಗೆಯಲ್ಲಿ ಮಕ್ಕಳು ನೀರಾಟ ಆಡಲೆಂದು ಅಂಗಡಿಗಳಲ್ಲಿ ಮಾರುವ ನೀಲಿ ಪ್ಲಾಸ್ಟಿಕ್ ತೊಟ್ಟಿಯಲ್ಲಿ. ಮೇ ತಿಂಗಳಲ್ಲಿ ಅದಕ್ಕೆ ಮಣ್ಣು ತುಂಬಿ, ನೀರು ನಿಲ್ಲಿಸಿ, ಆನ್‌ಲೈನಿನಲ್ಲಿ ತರಿಸಿದ ಬೀಜ ಹಾಕುತ್ತಾರೆ. ಸೆಪ್ಟೆಂಬರಿನ ತೆನೆ ಹಬ್ಬಕ್ಕೆ ಅದು ಹೇಗೋ ತೆನೆ ಕಟ್ಟುತ್ತದೆ. ಬಡಾವಣೆಯಲ್ಲಿ ಯಾರ ಮನೆಯ ಹುಲ್ಲು ಎಷ್ಟೆತ್ತರ ಇರಬೇಕೆಂದು ತೀರ್ಮಾನಿಸುವ ನಿವಾಸಿಗಳ ಸಂಘವೊಂದಿದೆ. ಅವರು ಒಮ್ಮೆ ನೋಟಿಸು ಕಳಿಸಿದರು. ಅದು ಅಲಂಕಾರಕ್ಕೆ ಬೆಳೆಸಿದ ಹುಲ್ಲು ಎಂದು ದೊಡ್ಡಮ್ಮ ಉತ್ತರ ಬರೆದರು. ಸಸ್ಯಶಾಸ್ತ್ರದ ಪ್ರಕಾರ ಅದು ಸುಳ್ಳೂ ಅಲ್ಲ.

ಮಂಗಳೂರು ಕಡೆಯ ನಮ್ಮ ಕ್ಯಾಥೊಲಿಕರಲ್ಲಿ ತೆನೆ ಹಬ್ಬವೆಂದರೆ ಮೇರಿಮಾತೆಯ ಹುಟ್ಟುಹಬ್ಬ, ಜೊತೆಗೆ ಹೊಸ ಬೆಳೆಯ ಹಬ್ಬ. ಪಾದ್ರಿಗಳು ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು ಪಾಯಸಕ್ಕೆ ಹಾಕಿ ಮನೆಯವರೆಲ್ಲ ತಿನ್ನಬೇಕು. ಆ ದಿನ ಮೀನೂ ಇಲ್ಲ, ಮಾಂಸವೂ ಇಲ್ಲ. ನಮ್ಮವರ ಮಟ್ಟಿಗೆ ಇದು ದೊಡ್ಡ ತ್ಯಾಗ. ಮನೆಯಲ್ಲಿ ಎಷ್ಟು ಜನವೋ ಅಷ್ಟು ತೆನೆ. ದೂರದಲ್ಲಿ ಇರುವವರ ಪಾಲನ್ನು ಎತ್ತಿಟ್ಟು ಕಳಿಸುತ್ತಾರೆ. ಯಾರಿಗೆ ತೆನೆ ಬಂತೋ ಅವರು ಮನೆಯವರು. ಇದಕ್ಕಿಂತ ಸ್ಪಷ್ಟವಾದ ಜನಗಣತಿಯನ್ನು ಯಾವ ಸರ್ಕಾರವೂ ಮಾಡಿಲ್ಲ.

ನಾನು ಇದನ್ನೆಲ್ಲ ನಂಬುವವಳಲ್ಲ. ಬೆಂಗಳೂರಿನಲ್ಲಿ ಓದುವಾಗ ಅಂತರ ಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ದೇವರು ಇದ್ದಾನೆ ಎಂದೂ ಇಲ್ಲವೆಂದೂ ಬೇರೆ ಬೇರೆ ವೇದಿಕೆಗಳಲ್ಲಿ ವಾದಿಸಿ ಎರಡೂ ಸಲ ಪರ್ಯಾಯ ಫಲಕ ಗೆದ್ದಿದ್ದೆ. ಆಮೇಲೆ ಆ ಪ್ರಶ್ನೆಯಲ್ಲಿ ಆಸಕ್ತಿ ಹೋಯಿತು. ಆದರೂ ವರ್ಷಕ್ಕೊಮ್ಮೆ, ಕೆಲಸ ಮಾಡುವ ಕ್ಯಾರಿ ಎಂಬ ಊರಿನಿಂದ ಕಾರು ಓಡಿಸಿಕೊಂಡು ಕ್ಲಾರ್ಕ್ಸ್‌ಬರ್ಗಿಗೆ ಹೋಗುತ್ತೇನೆ. ದೊಡ್ಡಮ್ಮನ ಕೆಸುವಿನ ದಂಟಿನ ಪಲ್ಯದ ವಿಷಯದಲ್ಲಿ ನನಗೆ ಯಾವ ಸಂಶಯವೂ ಇಲ್ಲ.

ಆ ವರ್ಷ ಊಟವಾದ ಮೇಲೆ ನೋಡಿದರೆ ಮೇಜಿನ ಮೇಲೆ ಒಂದು ತೆನೆ ಹೆಚ್ಚಾಗಿ ಉಳಿದಿತ್ತು. ಕೆಂಪು ದಾರ ಕಟ್ಟಿದ್ದರು. ಅದು ಯಾರದೆಂದು ನಾನು ಕೇಳಲಿಲ್ಲ, ಗೊತ್ತಿತ್ತು. ದೊಡ್ಡಮ್ಮನಿಗೆ ಇರುವವಳು ಒಬ್ಬಳೇ ಮಗಳು, ನನಗೆ ಅಕ್ಕ. ಅವಳಿಗೂ ಅಟ್ಲಾಂಟಾ ಹತ್ತಿರದ ನಾರ್‌ಕ್ರಾಸ್‌ನ ನಮ್ಮವರೇ ಒಬ್ಬ ಹುಡುಗನಿಗೂ ಮದುವೆ ಗೊತ್ತಾಗಿತ್ತು. ಹಾಲ್ ಬುಕ್ ಆಗಿ, ಕಾರ್ಡು ಹಂಚಿದ ಮೇಲೆ ಅಕ್ಕ ಬೇಡವೆಂದಳು. ಕಾರಣ ಕೇಳಿದವರಿಗೆ, ಹುಡುಗ ಒಳ್ಳೆಯವನು, ಅಷ್ಟೇ, ಎಂದಳು. ಆಮೇಲೆ ಸ್ಯಾಂಟಿಯಾಗೊದಲ್ಲಿ ಒಂದು ಕೆಲಸ ಹಿಡಿದು ಚಿಲಿಗೆ ಹೊರಟಳು. ಹೊರಡುವ ದಿನ ದೊಡ್ಡಮ್ಮ, "ಇನ್ಮೇಲೆ ನಂಗೆ ಫೋನ್ ಮಾಡ್ಬೇಡ" ಎಂದರು. ಅಕ್ಕ ಜೀವನದಲ್ಲಿ ತಾಯಿಯ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದು ಅದೊಂದೇ. ವರ್ಷಗಳಾದರೂ ಮಾಡಲಿಲ್ಲ. ದೊಡ್ಡಮ್ಮನೂ ಮಾಡಲಿಲ್ಲ. ಇಬ್ಬರ ಸುದ್ದಿಯೂ ಇಬ್ಬರಿಗೂ ನನ್ನ ಮೂಲಕ ತಲುಪುತ್ತಿತ್ತು. ಹವಾಮಾನ ವರದಿಯ ಹಾಗೆ, ಯಾರಿಗೂ ಆಸಕ್ತಿಯಿಲ್ಲದಂತೆ, ಆದರೆ ದಿನವೂ.

ನವೆಂಬರಿನಲ್ಲಿ ನಾನು ರಜೆ ಹಾಕಿ ಅರ್ಜೆಂಟೀನಾ ಸುತ್ತಿ, ಮೆಂಡೋಸಾ ಎಂಬ ಊರಿನಿಂದ ಬಸ್ಸಿನಲ್ಲಿ ಆಂಡಿಸ್ ಪರ್ವತ ದಾಟಿ ಅಕ್ಕನ ಊರು ಸೇರುವುದೆಂದು ನಿಶ್ಚಯಿಸಿದ್ದೆ. ಈ ವಿಷಯ ಊಟದ ಮೇಜಿನಲ್ಲೇ ಹೊರಬಿತ್ತು.

"ಒಬ್ಳೇನಾ? ಬಸ್ಸಲ್ಲಾ?" ಎಂದರು ದೊಡ್ಡಮ್ಮ.

"ಬಸ್ಸಲ್ಲಿ ನಲವತ್ತು ಜನ ಇರ್ತಾರೆ ದೊಡ್ಡಮ್ಮ. ಒಬ್ಳೇ ಹೇಗಾಗತ್ತೆ?"

"ಈ ಲಾಯರ್ ಮಾತೆಲ್ಲ ನಿಮ್ಮಮ್ಮನ ಹತ್ರ ಇಟ್ಕೋ. ಫ್ಲೈಟ್ ಇಲ್ವಾ?"

"ಇದೆ. ಫ್ಲೈಟಲ್ಲಿ ಹೋದ್ರೆ ಬಾರ್ಡರ್ ಕಾಣಲ್ಲ."

"ಬಾರ್ಡರ್ ನೋಡೋಕೆ ಏನಿದೆ? ಈ ಕಡೆ ಕಲ್ಲು, ಆ ಕಡೆ ಕಲ್ಲು."

ಅಷ್ಟು ಹೇಳಿ ಅಡುಗೆಮನೆಗೆ ಹೋದವರು, ನಾನು ಹೊರಡುವಾಗ ಕಾರಿನ ಬಳಿ ಬಂದರು. ಆ ಕೆಂಪು ದಾರದ ತೆನೆಯನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ, ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದ್ದರು.

"ಅವಳ ಕೈಗೆ ಕೊಡು. ಮೊದ್ಲೇ ಹೇಳ್ಬೇಡ, ಬೇಡ ಅಂತಾಳೆ. ಕೈಗೆ ಕೊಟ್ರೆ ಬೇಡ ಅನ್ನಲ್ಲ."

"ಏನಂತ ಹೇಳಿ ಕೊಡ್ಲಿ?"

"ಏನೂ ಹೇಳ್ಬೇಡ. ನಿಂಗೆ ಅದು ಕಷ್ಟ, ಗೊತ್ತು. ಟ್ರೈ ಮಾಡು."

ಮೆಂಡೋಸಾದಿಂದ ಬಸ್ಸು ಬೆಳಿಗ್ಗೆ ಹೊರಟಿತು. ಎರಡಂತಸ್ತಿನ ಬಸ್ಸು. ನನಗೆ ಮೇಲಂತಸ್ತಿನ ಮುಂದಿನ ಸೀಟು ಸಿಕ್ಕಿತ್ತು. ಪಕ್ಕದಲ್ಲಿ ಚಿಲಿಯ ಒಬ್ಬ ಅಜ್ಜಿ. ಮೆಂಡೋಸಾದಲ್ಲಿ ಬಟ್ಟೆಬರೆ ಅಗ್ಗವೆಂದು ಖರೀದಿಗೆ ಬಂದಿದ್ದವರು ರಾಶಿ ಚೀಲಗಳೊಡನೆ ಊರಿಗೆ ಮರಳುತ್ತಿದ್ದರು. ನನ್ನ ಸ್ಪ್ಯಾನಿಷ್ ಕಾಫಿ ಕೇಳುವವರೆಗೆ ಬರುತ್ತದೆ, ಕೊಟ್ಟ ಕಾಫಿ ಚೆನ್ನಾಗಿಲ್ಲ ಎನ್ನುವವರೆಗೆ ಬರುವುದಿಲ್ಲ. ಹಾಗಾಗಿ ಮೊಬೈಲಿನ ಅನುವಾದಕವನ್ನು ನಡುವೆ ಹಿಡಿದು ಮಾತಾಡಿದೆವು. ನಾನೊಬ್ಬಳೇ ಪ್ರಯಾಣ ಮಾಡುತ್ತಿದ್ದೇನೆಂದು ತಿಳಿದಾಗ ಅಜ್ಜಿ ಹೇಳಿದ್ದನ್ನು ಮೊಬೈಲು ಅನುವಾದಿಸಿತು: ವಿಮಾನ ಇರಲಿಲ್ಲವೇ? ದೊಡ್ಡಮ್ಮಂದಿರು ಎಲ್ಲ ಖಂಡಗಳಲ್ಲೂ ಇದ್ದಾರೆ.

ಪರ್ವತ ಚೆನ್ನಾಗಿತ್ತು. ಈ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಂದು, ಕೆಂಪು, ಆಮೇಲೆ ಬೂದು, ತುದಿಯಲ್ಲಿ ಹಿಮ. ಈ ಕಡೆ ಕಲ್ಲು, ಆ ಕಡೆಯೂ ಕಲ್ಲೇ ಇರುವಂತೆ ಕಂಡಿತು.

ಗಡಿ ಸಮೀಪಿಸಿದಾಗ ಬಸ್ಸಿನ ಸಹಾಯಕ ಮೇಲೆ ಬಂದು ಒಂದು ಭಾಷಣ ಮಾಡಿದ. ಅಜ್ಜಿ ಅದನ್ನು ಮೊಬೈಲಿಗೆ ಕೇಳಿಸಿದರು. ಹಣ್ಣು, ತರಕಾರಿ, ಮಾಂಸ, ಜೇನು, ಬೀಜ, ಗಿಡಮರದ ಯಾವುದೇ ಭಾಗ ಚಿಲಿಯೊಳಗೆ ತರುವಂತಿಲ್ಲ. ಇದ್ದರೆ ಇದೆಯೆಂದು ಮೊದಲೇ ಮೊಬೈಲಿನಲ್ಲಿ ಘೋಷಿಸಬೇಕು. ಘೋಷಿಸಿದರೆ ವಸ್ತು ಮಾತ್ರ ಹೋಗುತ್ತದೆ, ಘೋಷಿಸದೆ ಸಿಕ್ಕಿಬಿದ್ದರೆ ದಂಡ, ಮೇಲಾಗಿ ಇಡೀ ಬಸ್ಸು ನಿಮಗಾಗಿ ಕಾಯುತ್ತದೆ. ಭಾಷಣ ಮುಗಿದ ಕೂಡಲೇ ಬಸ್ಸಿನಲ್ಲಿ ಎಲ್ಲರೂ ತಿನ್ನತೊಡಗಿದರು. ಬಾಳೆಹಣ್ಣು, ಸೇಬು, ಹ್ಯಾಮ್ ಇಟ್ಟ ಬ್ರೆಡ್ಡು. ಹಿಂದಿನ ಸೀಟಿನಲ್ಲೊಬ್ಬ ಇಡೀ ಬೆಣ್ಣೆಹಣ್ಣನ್ನು ಚಮಚವಿಲ್ಲದೆ ತಿನ್ನುವ ಸಾಹಸಕ್ಕಿಳಿದಿದ್ದ. ಅಜ್ಜಿ ನನ್ನ ಕೈಗೂ ಒಂದು ಪೀಚ್ ಹಣ್ಣು ಕೊಟ್ಟು, ಬೇಗ, ಎಂದು ಸನ್ನೆ ಮಾಡಿದರು. ಅವರಿಗೆ ಒಮ್ಮೆ ಚೀಲದಲ್ಲಿ ಮರೆತುಹೋದ ಹಣ್ಣಿನಿಂದ ದಂಡ ಬಿದ್ದಿತ್ತಂತೆ. ಅದನ್ನು ಹೇಳುವಾಗ ಅವರ ಮುಖ ನೋಡಿದರೆ, ಮನೆತನಕ್ಕೆ ಬಂದ ಕಳಂಕವೆಂದೇ ತಿಳಿಯಬೇಕು.

ನಾನು ಪೀಚ್ ತಿನ್ನುತ್ತ ನನ್ನ ಚೀಲದಲ್ಲಿದ್ದ ತೆನೆಯ ಬಗ್ಗೆ ಪರ ವಿರೋಧ ಎರಡನ್ನೂ ಯೋಚಿಸಿದೆ.

ಘೋಷಿಸಬೇಕಿಲ್ಲ ಎನ್ನುವ ಪಕ್ಷ ಹೀಗೆ ಹೇಳುತ್ತದೆ: ಇದು ಕೃಷಿ ಉತ್ಪನ್ನವಲ್ಲ, ಪೂಜ್ಯ ವಸ್ತು. ಜಪಸರದ ಮರದ ಮಣಿಯನ್ನು ಯಾರಾದರೂ ಮರವೆಂದು ಘೋಷಿಸುತ್ತಾರೆಯೇ? ಪಾದ್ರಿಗಳು ಕೈಯೆತ್ತಿ ಆಶೀರ್ವದಿಸಿದ ಕ್ಷಣದಲ್ಲೇ ಇದು ಭತ್ತವಾಗಿ ಉಳಿಯಲಿಲ್ಲ. ಬಲವಾದ ವಾದ. ತೊಂದರೆಯೇನೆಂದರೆ, ಅದನ್ನು ಮಂಡಿಸಲು ನಂಬಿಕೆ ಇರಬೇಕು. ದೊಡ್ಡಮ್ಮ ಈ ಸೀಟಿನಲ್ಲಿ ಕೂತಿದ್ದರೆ ಒಳ್ಳೆಯ ಮನಸ್ಸಿನಿಂದಲೇ 'ಇಲ್ಲ' ಎಂದು ಒತ್ತುತ್ತಿದ್ದರು, ಅದು ಸುಳ್ಳೂ ಆಗುತ್ತಿರಲಿಲ್ಲ. ನನ್ನ ಪಾಲಿಗೆ ಆಶೀರ್ವಾದವೆಂಬುದು ಗಾಳಿಯಲ್ಲಿ ಕೈ ಆಡಿಸುವುದು. ಗಾಳಿ ಬೀಸಿದ ಭತ್ತ ಭತ್ತವೇ. ಮೊಳೆಯಬಲ್ಲ ಭತ್ತ ಬೀಜವೇ. ನಾನು 'ಇಲ್ಲ' ಎಂದರೆ ಅದು ಸುಳ್ಳು, ಅಥವಾ ನಾನು ಇಷ್ಟು ವರ್ಷ ದೊಡ್ಡಮ್ಮನ ಎದುರು ವಾದಿಸಿದ್ದೆಲ್ಲ ಸುಳ್ಳು. ಎರಡರಲ್ಲಿ ಒಂದನ್ನು ಆರಿಸಬೇಕಿತ್ತು. 'ಇದೆ' ಎಂದು ಒತ್ತಿದೆ.

ಕಿತ್ತುಕೊಳ್ಳುತ್ತಾರೆಂದು ತಿಳಿದೇ ಒತ್ತಿದೆಯಾ ಎಂದು ಆಮೇಲೆ ಹಲವರು ಕೇಳಿದ್ದಾರೆ. ಇಲ್ಲ. ಎದುರಿಗೆ ಒಬ್ಬ ಮನುಷ್ಯ ಸಿಕ್ಕಿದರೆ ವಾದಿಸಿ ಉಳಿಸಿಕೊಳ್ಳಬಹುದೆಂದು ತಿಳಿದಿದ್ದೆ. ಅದು ನನ್ನ ಧರ್ಮ.

ಗಡಿಯ ಕಟ್ಟಡ ದೊಡ್ಡ ಗೋದಾಮಿನಂತಿದೆ. ಹೊರಗೆ ಮೂಳೆ ಕೊರೆಯುವ ಗಾಳಿ. ಒಂದು ಕಿಟಕಿಯಲ್ಲಿ ಅರ್ಜೆಂಟೀನಾ ನಿಮ್ಮನ್ನು ಬಿಡುತ್ತದೆ, ಪಕ್ಕದ ಕಿಟಕಿಯಲ್ಲಿ ಚಿಲಿ ಹಿಡಿದುಕೊಳ್ಳುತ್ತದೆ. ನನ್ನ ಭಾರತದ ಪಾಸ್‌ಪೋರ್ಟನ್ನು ನೋಡಿ ಅಧಿಕಾರಿ ಮೊದಲು ಅನುಮಾನಿಸಿದ. ಅದರೊಳಗೆ ಅಂಟಿಸಿದ್ದ ಅಮೆರಿಕದ ವೀಸಾ ನೋಡಿ ಸಮಾಧಾನಗೊಂಡ. ಒಂದು ದೇಶ ನನ್ನನ್ನು ನಂಬಿದೆ ಎಂಬ ಕಾರಣಕ್ಕೆ ಇನ್ನೊಂದು ದೇಶ ನಂಬುವುದು ತರ್ಕದಲ್ಲಿ ದೋಷ, ಆದರೆ ಅಲ್ಲಿ ಎತ್ತಿ ತೋರಿಸಲಿಲ್ಲ. ಆಮೇಲೆ ಅವನು ನನ್ನ ಅಡ್ಡಹೆಸರು ಓದಿ ನಕ್ಕು, ಸ್ಪ್ಯಾನಿಷಿನಲ್ಲಿ ಏನೋ ಸಲಿಗೆಯಿಂದ ಹೇಳಿದ. ಪೋರ್ಚುಗೀಸರು ನಮ್ಮವರಿಗೆ ಬಿಟ್ಟುಹೋದ ಹೆಸರದು. ಅವನ ಬೀದಿಯಲ್ಲೂ ಅದೇ ಹೆಸರಿನವರು ಇದ್ದಿರಬೇಕು. ನಾನೂ ನಕ್ಕೆ. ಅಲ್ಲಿಯವರೆಗೆ ಎಲ್ಲ ಸುಸೂತ್ರ.

ಆಮೇಲೆ ಚೀಲಗಳ ಪರೀಕ್ಷೆ. ಉದ್ದನೆಯ ಮೇಜಿನ ಮೇಲೆ ಎಲ್ಲರೂ ಕೈಚೀಲ ಇಟ್ಟು ಸಾಲಾಗಿ ನಿಂತೆವು. ಒಂದು ನಾಯಿ ಎಲ್ಲರ ಚೀಲವನ್ನೂ ಮೂಸಿಕೊಂಡು ಹೋಯಿತು. 'ಇದೆ' ಎಂದವರನ್ನು ಪಕ್ಕಕ್ಕೆ ಕರೆದರು. ಇಡೀ ಬಸ್ಸಿನಲ್ಲಿ ಹಾಗೆ ಹೇಳಿದ್ದವಳು ನಾನೊಬ್ಬಳೇ. ಉಳಿದವರೆಲ್ಲ ತಿಂದು ಮುಗಿಸಿದ್ದರು.

ತಪಾಸಣೆಗಿದ್ದವಳು ನನ್ನದೇ ವಯಸ್ಸಿನ ಹುಡುಗಿ. ಟಿಶ್ಯೂ ಬಿಡಿಸಿ ತೆನೆಯನ್ನು ನೋಡಿದಳು. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ.

"ಸೀಡ್?"

"ರೈಸ್. ಬ್ಲೆಸ್ಡ್" ಎಂದೆ. ಎರಡನೆಯ ಪದ ನನ್ನ ಬಾಯಿಂದ ಹೇಗೆ ಹೊರಟಿತೋ ತಿಳಿಯದು.

ಅವಳು ಒಂದು ಕಾಳನ್ನು ಬೆರಳಲ್ಲಿ ಒತ್ತಿ ನೋಡಿ, ಸಿಪ್ಪೆ ಇದೆ, ಮೊಳೆಯುತ್ತದೆ ಎಂಬಂತೆ ತಲೆಯಾಡಿಸಿದಳು. ಅನುವಾದಕ ತೆರೆದರೆ 'ತೆನೆ ಹಬ್ಬ' ಎಂಬುದರ ಮುಂದೆ ಅದು ಸುಮ್ಮನೆ ನಿಂತುಬಿಟ್ಟಿತು. ಬಸ್ಸಿನವರೆಲ್ಲ ನೋಡುತ್ತಿದ್ದರು. ಅಜ್ಜಿ ಸಾಲಿನಿಂದಲೇ ಕೈಯನ್ನು ಕಿವಿಗೆ ಹಿಡಿದು, ಯಾರಿಗಾದರೂ ಫೋನ್ ಮಾಡು ಎಂದು ಸನ್ನೆ ಮಾಡಿದರು. ಸ್ಪ್ಯಾನಿಷ್ ಬರುವ, ತೆನೆಯೆಂದರೇನೆಂದು ಗೊತ್ತಿರುವ ವ್ಯಕ್ತಿ ಆ ಖಂಡದಲ್ಲಿ ನನಗೆ ತಿಳಿದಂತೆ ಒಬ್ಬಳೇ. ಅವಳಿಗೆ ಮೊದಲೇ ಹೇಳಬಾರದೆಂದು ಅಪ್ಪಣೆಯಾಗಿತ್ತು. ಹೇಳದಿದ್ದರೆ ಕೈಗೆ ಕೊಡಲು ತೆನೆಯೇ ಇರುತ್ತಿರಲಿಲ್ಲ. ಫೋನ್ ಮಾಡಿದೆ. ಸ್ಪೀಕರಿಗೆ ಹಾಕಿದೆ.

"ಅಕ್ಕಾ, ಬಾರ್ಡರಲ್ಲಿದ್ದೀನಿ. ಇಲ್ಲೊಬ್ರ ಹತ್ರ ಸ್ವಲ್ಪ ಮಾತಾಡ್ತೀಯಾ?"

"ಅಯ್ಯೋ, ಏನ್ ತಂದೆ? ಉಪ್ಪಿನಕಾಯಾ?"

"ಭತ್ತ."

"ವಾಟ್?"

"ತೆನೆ. ಹಬ್ಬದ್ದು. ಒಂದೇ ಒಂದು."

"ನೀನು ಚರ್ಚಿಗೇ ಹೋಗಲ್ಲ! ನಿಂಗ್ಯಾಕೆ ತೆನೆ?"

"ನಂದಲ್ಲ. ನಿಂದು."

ಸಂಪರ್ಕ ಕಡಿಯಿತೇನೋ ಎಂದು ನಾನೂ ತಪಾಸಣೆಯ ಹುಡುಗಿಯೂ ಒಟ್ಟಿಗೇ ಬಗ್ಗಿ ಪರದೆ ನೋಡಿದೆವು. ಕಡಿದಿರಲಿಲ್ಲ.

"ಮಮ್ಮಿ ಕೊಟ್ರಾ?"

"ಹೂಂ. ಹೇಳ್ಬೇಡ ಅಂದಿದ್ರು."

"ನನ್ನ ಪಾಲು ಇಟ್ಟಿದ್ರಾ?"

"ಪ್ರತಿ ವರ್ಷ ಇಡ್ತಾರೆ. ಕೊನೇಲಿ ಅದು ಹಾಗೇ ಒಣಗತ್ತೆ. ಈ ಸಲ ನಾನು ಬರ್ತಿದ್ನಲ್ಲ."

ಇದನ್ನು ಅವಳಿಗೆ ನಾನು ಅದುವರೆಗೆ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

"ಫೋನ್ ಅವಳಿಗೆ ಕೊಡು" ಎಂದಳು ಅಕ್ಕ.

ಅವರಿಬ್ಬರೂ ಬಹಳ ಹೊತ್ತು ಮಾತಾಡಿದರು. ನನಗೆ ಅರ್ಥವಾಗಿದ್ದು ಮೇರಿಲ್ಯಾಂಡ್, ಮಮಾ ಎಂಬೆರಡೇ ಪದ. ಹುಡುಗಿ ಏನೋ ಕೇಳಿದಳು, ಅಕ್ಕ ಹೇಳಿದಳು. ಹುಡುಗಿ ತೆನೆಯನ್ನು ಮತ್ತೆ ನೋಡಿದಳು, ಈ ಸಲ ಬೇರೆ ರೀತಿ. ದಾರವನ್ನು ಮುಟ್ಟಿದಳು. ಗೆದ್ದೆವು ಎಂದುಕೊಂಡೆ. ಆಮೇಲೆ ಅವಳು ಇಲ್ಲವೆಂದು ತಲೆಯಾಡಿಸಿದಳು.

"ಆಗಲ್ವಂತೆ" ಎಂದಳು ಅಕ್ಕ. "ಸಾರಿ ಅಂತಿದಾಳೆ. ಅವಳ ಅಮ್ಮನೂ ಹೀಗೇ ಏನೇನೋ ಕಳಿಸ್ತಾರಂತೆ, ಆದ್ರೆ ದೇಶದ ಒಳಗಿಂದ."

"ಬೇಯಿಸಿದ್ರೆ ಮೊಳೆಯಲ್ಲ ಅಂತ ಹೇಳು. ಬಸ್ಸಲ್ಲಿ ಎಲ್ರ ಹತ್ರನೂ ಥರ್ಮಾಸಲ್ಲಿ ಬಿಸಿನೀರಿದೆ. ಇಲ್ಲೇ, ಅವಳ ಎದುರಿಗೇ ಹಾಕಿ..."

"ಡಿಬೇಟ್ ಮಾಡ್ಬೇಡ."

"ಇದು ಡಿಬೇಟಲ್ಲ. ರೂಲಿನ ಉದ್ದೇಶ ಏನು? ಮೊಳೆಯಬಾರ್ದು, ರೋಗ ಬರಬಾರ್ದು..."

"ಏ, ಸುಮ್ನಿರ್ತೀಯಾ? ಬಸ್ ಕಾಯ್ತಿದೆ ತಾನೇ? ಕೊಟ್ಬಿಡು." ಆಮೇಲೆ, "ಒಂದ್ನಿಮಿಷ. ಫೋಟೋ ಕಳ್ಸು."

"ಇಲ್ಲಿ ಫೋಟೋ ತೆಗಿಯೋ ಹಾಗಿಲ್ಲ."

"ಸರಿ. ಹೇಗಿದೆ ಹೇಳು."

ಐವತ್ತು ಕಣ್ಣುಗಳ ಎದುರು ನಾನು ಒಂದು ಭತ್ತದ ತೆನೆಯನ್ನು ವರ್ಣಿಸಿದೆ. ಗೇಣಿಗಿಂತ ಚಿಕ್ಕದು. ಒಣಗಿ ಹುಲ್ಲಿನ ಬಣ್ಣಕ್ಕೆ ಬಂದಿದೆ. ಕೆಳಗಿನ ಕೆಲವು ಕಾಳು ಜೊಳ್ಳು. ಒಂದು ಕಡೆ ಸ್ವಲ್ಪ ಬಾಗಿದೆ, ಬಹುಶಃ ನನ್ನ ಲ್ಯಾಪ್‌ಟಾಪಿನ ಭಾರಕ್ಕೆ. ಬುಡದಲ್ಲಿ ಕೆಂಪು ದಾರ, ಎರಡು ಸುತ್ತು, ಗಂಟು.

"ಯಾವ ಥರ ಗಂಟು?"

"ಆಸ್ಪತ್ರೇಲಿ ಹೊಲಿಗೆ ಹಾಕೋ ಥರ." ದೊಡ್ಡಮ್ಮ ನಿವೃತ್ತಿಯವರೆಗೂ ನರ್ಸ್ ಆಗಿದ್ದರು. ನಮ್ಮ ಮನೆಗಳಲ್ಲಿ ಹುಟ್ಟುಹಬ್ಬದ ಉಡುಗೊರೆಗಳನ್ನು ಬಿಚ್ಚಲು ಇಂದಿಗೂ ಕತ್ತರಿ ಬೇಕು.

"ಅವರೇ ಕಟ್ಟಿದ್ದು" ಎಂದಳು ಅಕ್ಕ. ಅವಳು ಮೂಗು ಒರೆಸಿಕೊಂಡಿದ್ದು ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು. "ದಾರ ಕೇಳಿ ನೋಡು. ದಾರ ಗಿಡ ಅಲ್ವಲ್ಲ."

ನಾನು ಕೇಳಬೇಕಾಗಲಿಲ್ಲ, ಅವಳೇ ಸ್ಪ್ಯಾನಿಷಿನಲ್ಲಿ ಕೇಳಿದಳು. ಹುಡುಗಿ ಮೇಲಧಿಕಾರಿ ಇರುವ ಕಡೆ ಒಮ್ಮೆ ನೋಡಿ, ಡ್ರಾಯರಿನಿಂದ ಕತ್ತರಿ ತೆಗೆದು ದಾರ ಕತ್ತರಿಸಿ, ಕಾಳು ಸಿಕ್ಕಿಕೊಂಡಿಲ್ಲವೆಂದು ಬೆಳಕಿಗೆ ಹಿಡಿದು ಪರೀಕ್ಷಿಸಿ ನನಗೆ ಕೊಟ್ಟಳು. ತೆನೆಯನ್ನು ಮುಚ್ಚಳವಿರುವ ಡಬ್ಬಕ್ಕೆ ಎಸೆಯಲಿಲ್ಲ, ಇಟ್ಟಳು. ಸುಟ್ಟುಹಾಕುತ್ತಾರಂತೆ. ನನ್ನ ವಾದದ ಎರಡನೆಯ ಭಾಗ ಬಾಯಲ್ಲೇ ಉಳಿಯಿತು.

ಬಸ್ಸು ಚಿಲಿಯ ಕಡೆ ಇಳಿಯತೊಡಗಿತು. ಹಗ್ಗ ಕೆಳಗೆ ಬಿಟ್ಟ ಹಾಗೆ ತಿರುವಿನ ಮೇಲೆ ತಿರುವು. ಅಜ್ಜಿ ಮೊಬೈಲಿನ ಮೂಲಕ, ಅದರಲ್ಲಿ ಏನಿತ್ತು, ಅಷ್ಟು ಬೆಲೆಬಾಳುವುದೇ ಎಂದು ಕೇಳಿದರು. ನಾನು ಯೋಚಿಸಿ, ನನ್ನ ದೊಡ್ಡಮ್ಮ ಮಗಳಿಗೆ ಊಟ ಕಳಿಸಿದ್ದರು ಎಂದು ಬರೆದೆ. ಅದನ್ನು ಓದಿ ಅವರು, ಅಷ್ಟಕ್ಕೇ ಅವಳೇಕೆ ಅತ್ತಳು ಎಂದು ಕೇಳಲಿಲ್ಲ. ಅನುವಾದ ಸರಿಯಾಗಿತ್ತು ಎಂದುಕೊಂಡೆ.

ದೊಡ್ಡಮ್ಮನಿಂದ ಸಂದೇಶ ಬಂದಿತ್ತು: 'ತಲುಪಿದ್ಯಾ? ಕೊಟ್ಯಾ?' ಉತ್ತರವಾಗಿ ಹಲವು ವಾಕ್ಯ ಬರೆದು ಅಳಿಸಿದೆ. 'ತಾಂತ್ರಿಕವಾಗಿ ಹೇಳುವುದಾದರೆ' ಎಂದು ಶುರುವಾದ ಒಂದನ್ನು ಬಹಳ ಹೊತ್ತು ಇಟ್ಟುಕೊಂಡಿದ್ದೆ. ಅದನ್ನೂ ಅಳಿಸಿದೆ. ಆಮೇಲೆ ನಾನೇ ಕರೆ ಮಾಡಿದೆ. ದೊಡ್ಡಮ್ಮನ ಫೋನು ಎಂಗೇಜ್ ಇತ್ತು. ಅಕ್ಕನಿಗೆ ಮಾಡಿದೆ. ಅವಳದೂ ಎಂಗೇಜ್. ಬಯಲು ಬಂತು, ದ್ರಾಕ್ಷಿ ತೋಟಗಳು ಬಂದವು, ಎರಡೂ ಎಂಗೇಜ್ ಆಗಿಯೇ ಇದ್ದವು.

ಸಂಜೆ ಸ್ಯಾಂಟಿಯಾಗೊ ಬಸ್ ನಿಲ್ದಾಣದಲ್ಲಿ ಅಕ್ಕ ಒಂದು ಕಿವಿಗೆ ಫೋನು ಹಿಡಿದು ನಿಂತಿದ್ದಳು. ನನ್ನನ್ನು ಕಂಡು ಒಂದೇ ಕೈಯಲ್ಲಿ ತಬ್ಬಿ, ದಾರ ಕೊಡು ಎಂದು ಬೆರಳಾಡಿಸಿದಳು. ಕೊಟ್ಟೆ. ಅದನ್ನು ಜೀನ್ಸಿನ ಜೇಬಿಗೆ ಹಾಕಿಕೊಂಡು ಮಾತು ಮುಂದುವರಿಸಿದಳು. ಸೌಹಾರ್ದದ ಮಾತೇನಲ್ಲ.

"ಸೀಡ್ಸ್ ಯಾರಾದ್ರೂ ಚಿಲಿಗೆ ಕಳಿಸ್ತಾರಾ ಮಮ್ಮಿ? ಗೂಗಲ್ ಮಾಡೋಕಾಗಲ್ವಾ?... ಇಲ್ಲ, ಮದುವೆ ವಿಷ್ಯ ಈಗ ಬೇಡ... ಬೇಡ ಅಂದ್ನಲ್ಲ... ಸರಿ, ಅದು ನನ್ನ ತಪ್ಪು, ಕಾರ್ಡ್ ಪ್ರಿಂಟ್ ಆಗೋಕೆ ಮುಂಚೆ ಹೇಳಬೇಕಿತ್ತು. ಇದು ನಿಮ್ಮ ತಪ್ಪು." ನನ್ನ ಕಡೆ ತಿರುಗಿ, "ಸ್ಪೀಕರಿಗೆ ಹಾಕು ಅಂತಿದಾರೆ."

"ಯಾಕೆ ಇದೆ ಅಂತ ಹೇಳ್ದೆ?" ದೊಡ್ಡಮ್ಮನ ದನಿ ಮೇರಿಲ್ಯಾಂಡಿನಿಂದ ಗಟ್ಟಿಯಾಗಿ ಬಂತು. "ಯಾರಾದ್ರೂ ಹೇಳ್ತಾರಾ?"

"ದೊಡ್ಡಮ್ಮ, ನಂಬಿಕೆ ಇಲ್ಲದವಳ ದೃಷ್ಟಿಯಿಂದ ನೋಡಿದ್ರೆ..."

"ಯಾರೂ ಹೇಳಲ್ಲ" ಎಂದಳು ಅಕ್ಕ. "ಪುಸ್ತಕದೊಳಗೆ ಇಟ್ಕೊಂಡು ಬರ್ಬೇಕಿತ್ತು."

"ನಾನೂ ಅದನ್ನೇ ಅಂದ್ಕೊಂಡೆ, ಪುಸ್ತಕದಲ್ಲಿ ಇಡ್ತಾಳೆ ಅಂತ" ಎಂದರು ದೊಡ್ಡಮ್ಮ. "ಓದ್ತಾಳಲ್ಲ ಅಷ್ಟೊಂದು."

ಮದುವೆ ಮುರಿದಂದಿನಿಂದ ಅವರಿಬ್ಬರೂ ಒಪ್ಪಿದ ಮೊದಲ ವಿಷಯ ಇದು. ನಾನು ದಂಡದ ಮಾತೆತ್ತಿದೆ, ನಾಯಿಯ ಮಾತೆತ್ತಿದೆ. ಇಬ್ಬರೂ ಕೇಳಲಿಲ್ಲ.

"ಮುಂದಿನ ಸಲ ಸುಲಿದು, ಹುರಿದು, ಪುಡಿ ಮಾಡಿ ಕಳಿಸ್ತೀನಿ" ಎಂದರು ದೊಡ್ಡಮ್ಮ.

"ಇವಳ ಕೈಲಿ ಬೇಡ."

"ಮತ್ಯಾರ ಕೈಲಿ ಕಳಿಸ್ಲಿ?"

ಅಕ್ಕ ಕಾರಿನ ಬಾಗಿಲು ತೆರೆದು ನನ್ನ ಚೀಲವನ್ನು ಹಿಂದಿನ ಸೀಟಿಗೆ ಎಸೆದಳು. "ನೀವೇ ತನ್ನಿ."

"ನಂಗೆ ಅಲ್ಲಿ ವೀಸಾ ಗೀಸಾ ಬೇಕೇನೋ" ಎಂದರು ದೊಡ್ಡಮ್ಮ.

"ಅಮೆರಿಕನ್ ಪಾಸ್‌ಪೋರ್ಟಿಗೆ ಬೇಡ ದೊಡ್ಡಮ್ಮ" ಎಂದೆ. "ಸುತ್ತಾಡೋಕೆ ಬಂದ್ರೆ ನೇರ ಬರಬಹುದು."

"ನಿನ್ನನ್ನ ಯಾರು ಕೇಳಿದ್ರು?" ಎಂದರು ಇಬ್ಬರೂ.